ಬಾಣಂತಿಯ ರಕ್ತಕ್ಕೊಂದು ಅಳತೆ

‘ಪ್ರಯೋಗ’ ಎಂಬ ಪದಕ್ಕೆ ನಮ್ಮ ಕಡೆ ಮೂರು ಅರ್ಥಗಳಿವೆ. ಕನ್ನಡ ಮೇಷ್ಟ್ರಿಗೆ ಅದು ಕರ್ತರಿ, ಕರ್ಮಣಿ. ವಿಜ್ಞಾನದ ಮೇಷ್ಟ್ರಿಗೆ ಬೀಕರು, ಲಿಟ್ಮಸ್ ಕಾಗದ, ಸ್ಪಿರಿಟ್ ದೀಪ. ಊರಿನವರಿಗೆ ಮಾತ್ರ ಬೇರೆಯೇ. ‘ಯಾರೋ ಪ್ರಯೋಗ ಮಾಡಿಸಿದ್ದಾರೆ’ ಎಂದರೆ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವ ಜಾಗ. ಹೀಗಿರುವಾಗ ‘ಬಸುರಿಯರ ಮೇಲೆ ಔಷಧ ಪ್ರಯೋಗ’ ಎಂಬ ತಲೆಬರಹ ಪತ್ರಿಕೆಯಲ್ಲಿ ಬಂದರೆ ಹುತ್ತೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಯಾವ ಅರ್ಥ ಹುಟ್ಟುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಬಡವ್ರು ಸಿಕ್ಕಿದ್ರಲ್ಲಾ, ಇಲಿ ಮಾಡ್ಕೊಂಡವ್ರೆ’ ಎಂದು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ.

ಈ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕುವವನು ನಾನಲ್ಲ. ಅದಕ್ಕೆ ಕಾರಣಗಳಿವೆ, ಅವುಗಳಲ್ಲಿ ಒಂದನ್ನು ಮುಂದೆ ಹೇಳುತ್ತೇನೆ. ಆದರೆ ತಾಯಿ ಮಕ್ಕಳ ವಿಷಯದಲ್ಲಿ ಪ್ರಯೋಗವೆಂದರೆ ನಿಜಕ್ಕೂ ಏನು, ಅದನ್ನು ಯಾರೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮದೇ ರಾಜ್ಯದಲ್ಲಿ ನಡೆದ ಒಂದು ಪ್ರಸಂಗದಿಂದ ನೋಡಬಹುದು. ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ. ಅದರ ಫಲ ಇಂದು ಆಫ್ರಿಕಾದ ಹೆರಿಗೆ ಕೋಣೆಗಳವರೆಗೆ ಹೋಗಿದೆ. ನಮ್ಮವರಲ್ಲಿ ಬಹುಪಾಲು ಜನಕ್ಕೆ ಅದರ ಸುದ್ದಿಯೇ ಇಲ್ಲ.

ಮೊದಲು ಹೆರಿಗೆಯ ಮನೆಯೊಳಗಿನ ಒಂದು ಸಂಗತಿ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ಒಂದು ನಿಮಿಷಕ್ಕೆ ಅರ್ಧ ಲೀಟರಿಗೂ ಮೀರಿ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ಈ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಆಗ ಅವುಗಳನ್ನು ಮುಚ್ಚುವವರು ಯಾರು? ವೈದ್ಯರಲ್ಲ, ಸೂಲಗಿತ್ತಿಯೂ ಅಲ್ಲ. ಗರ್ಭಕೋಶದ ಸ್ನಾಯುವಿನ ಎಳೆಗಳು ಚಾಪೆಯ ಹೆಣಿಗೆಯಂತೆ ಅಡ್ಡಡ್ಡ ಹೆಣೆದುಕೊಂಡಿರುತ್ತವೆ. ನಾಳಗಳು ಆ ಹೆಣಿಗೆಯ ಸಂದಿಯಲ್ಲಿ ಹಾದುಹೋಗುತ್ತವೆ. ಸ್ನಾಯು ಬಿಗಿಯಾದರೆ ಪ್ರತಿಯೊಂದು ನಾಳಕ್ಕೂ ಗಂಟು ಹಾಕಿದ ಹಾಗೆ. ಹಳಬ ಸೂಲಗಿತ್ತಿಯರು ಹೆರಿಗೆಯಾದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ‘ಗಟ್ಟಿಯಾಗಿದೆಯೇ’ ಎಂದು ನೋಡುತ್ತಿದ್ದುದು ಇದನ್ನೇ. ಕೆಲವರಲ್ಲಿ ಸ್ನಾಯು ದಣಿದು ಸಡಿಲವಾಗಿಯೇ ಉಳಿದುಬಿಡುತ್ತದೆ. ಆಗ ರಕ್ತ ನಿಲ್ಲುವುದಿಲ್ಲ. ಗಟ್ಟಿಮುಟ್ಟಾದ ಹೆಂಗಸೂ ಗಂಟೆ ಎರಡು ಗಂಟೆಯೊಳಗೆ ಕೈತಪ್ಪಿ ಹೋಗಬಹುದು. ರಕ್ತಹೀನತೆಯಿರುವವಳಿಗೆ ಅಷ್ಟು ಹೊತ್ತೂ ಬೇಕಿಲ್ಲ. ನಮ್ಮ ರಾಜ್ಯದಲ್ಲಿ ಬಸುರಿಯರ ಪೈಕಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು.

ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎಂದೂ, ಒಂದು ಲೀಟರ್ ದಾಟಿದರೆ ತೀವ್ರವೆಂದೂ ವೈದ್ಯಗ್ರಂಥಗಳು ಬಹುಕಾಲದಿಂದ ಹೇಳಿಕೊಂಡು ಬಂದಿವೆ. ಒಳ್ಳೆಯದೇ. ಆದರೆ ಅರ್ಧ ಲೀಟರ್ ಎಂದು ತಿಳಿಯುವುದು ಹೇಗೆ? ನೆಲದ ಮೇಲೆ ಹಾಸಿದ ಹಳೆಯ ಸೀರೆ, ಅದರ ಕೆಳಗೆ ಗೋಣಿಚೀಲ, ರಕ್ತದ ಜೊತೆ ಬೆರೆತ ಗರ್ಭಜಲ, ಮಂಕು ಬೆಳಕು. ಕಂಡದ್ದೇ ಅಂದಾಜು. ನಮ್ಮ ಜಿಲ್ಲೆಯಲ್ಲಿ ಬೆಳಗಿನ ಜಾವ ಹಾಲಿನ ಡೈರಿಯ ಮುಂದೆ ನಿಂತು ನೋಡಿ. ಪ್ರತಿಯೊಬ್ಬರ ಹಾಲನ್ನೂ ಅಳೆಯುತ್ತಾರೆ, ಡಿಗ್ರಿ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಲೋಟ ಕಡಿಮೆ ಬರೆದರೆ ಜಗಳವೇ ಆಗುತ್ತದೆ. ಎಮ್ಮೆಯ ಹಾಲಿಗೆ ಇಷ್ಟು ಅಳತೆಯಿರುವಲ್ಲಿ ಬಾಣಂತಿಯ ರಕ್ತಕ್ಕೆ ಮಾತ್ರ ಕಣ್ಣಳತೆ. ಇದು ನಮ್ಮ ಹಳ್ಳಿಗಳ ದೋಷವಷ್ಟೇ ಅಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಹಾಗೆಯೇ ನಡೆದುಕೊಂಡು ಬಂದಿತ್ತು.

ಇನ್ನು ಔಷಧದ ಮಾತು. ಗರ್ಭಕೋಶವನ್ನು ಬಿಗಿಗೊಳಿಸುವ ಔಷಧಗಳಲ್ಲಿ ಮೊದಲ ಮಣೆ ಆಕ್ಸಿಟೋಸಿನ್‌ಗೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. ಅಮೆರಿಕದ ವಿನ್ಸೆಂಟ್ ಡು ವಿಗ್ನೋ ಅದನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ಕಡೆಯ ರೈತರಿಗೆ ಈ ವಸ್ತು ಬೇರೆ ಹೆಸರಿನಿಂದ ಗೊತ್ತು: ಎಮ್ಮೆ ಸೊರವು ಬಿಡದಿದ್ದಾಗ ಕೆಲವರು ಚುಚ್ಚುವ ‘ಹಾಲಿನ ಇಂಜೆಕ್ಷನ್’ ಇದೇ. ಆ ದುರುಪಯೋಗ ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಅದನ್ನು ತಯಾರಿಸಕೂಡದೆಂದು ಆದೇಶಿಸಿ, ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯಾಟಿಕ್ಸ್ ಕಾರ್ಖಾನೆಯೊಂದಕ್ಕೇ ಬಿಡಲು ಹೊರಟಿತ್ತು. ತಾಯಂದಿರಿಗೆ ಔಷಧ ಸಿಗದೆ ಹೋದೀತೆಂಬ ಆತಂಕ ಎದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು. ಎಮ್ಮೆಯ ಜಗಳದಲ್ಲಿ ಬಾಣಂತಿ ಸಿಕ್ಕಿಕೊಂಡ ಕಥೆ ಅದು.

ಆಕ್ಸಿಟೋಸಿನ್ ಒಳ್ಳೆಯ ಔಷಧ, ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಅದನ್ನು ಚುಚ್ಚಬೇಕು, ಮತ್ತು ತಂಪಿನಲ್ಲಿಡಬೇಕು. ಇಪ್ಪತ್ತು ವರ್ಷಗಳ ಹಿಂದೆ ಹಳ್ಳಿಯ ಉಪಕೇಂದ್ರದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತಿತ್ತೆಂಬುದು ನಮಗೆಲ್ಲ ಗೊತ್ತು. 1998–99ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದವು ಹೆಚ್ಚುಕಡಿಮೆ ಅರ್ಧ ಮಾತ್ರ. ಉಳಿದದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಸೂಲಗಿತ್ತಿಯರ ಬಗ್ಗೆ ನನಗೆ ಗೌರವವಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷಾಂತ್ಯದಲ್ಲಿ ತೀರಿಕೊಂಡರು. ಆದರೆ ಸಡಿಲವಾದ ಗರ್ಭಕೋಶದ ಮುಂದೆ ಎಂಥ ನುರಿತ ಕೈಗೂ ಒಂದು ಮಿತಿಯಿದೆ.

ಈ ಹಿನ್ನೆಲೆಯಲ್ಲಿ ವೈದ್ಯರ ಕಣ್ಣು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯ ಮೇಲೆ ಬಿತ್ತು. ಅದನ್ನು ತಯಾರಿಸಿದ್ದು ಹೊಟ್ಟೆಯ ಹುಣ್ಣಿಗೆ. ಗರ್ಭಕೋಶವನ್ನು ಬಿಗಿಗೊಳಿಸುವುದು ಅದರ ಇನ್ನೊಂದು ಗುಣ. ಅಗ್ಗದ ಮಾತ್ರೆ, ಸೂಜಿ ಬೇಡ, ಫ್ರಿಜ್ ಬೇಡ. ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಜೊತೆ ಅದನ್ನು ಹೋಲಿಸಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸುಮಾರು 18 ಸಾವಿರ ತಾಯಂದಿರು ಅದರಲ್ಲಿದ್ದರು. ಗೆದ್ದದ್ದು ಆಕ್ಸಿಟೋಸಿನ್. ಸರಿ, ಆಕ್ಸಿಟೋಸಿನ್ ಇರುವ ಕಡೆ ಪ್ರಶ್ನೆ ಮುಗಿಯಿತು. ಆದರೆ ಅದು ಇಲ್ಲದ ಕಡೆ? ಏನೂ ಇಲ್ಲದಿರುವುದಕ್ಕಿಂತ ಮಾತ್ರೆ ಮೇಲೋ, ಅಥವಾ ಅದೂ ಒಂದು ಭ್ರಮೆಯೋ? ಇದನ್ನು ಆಸ್ಪತ್ರೆಯಲ್ಲಿ ಕುಳಿತು ತಿಳಿಯಲಾಗದು. ಹಳ್ಳಿಯಲ್ಲೇ ಕೇಳಬೇಕು.

ಕೇಳಿದವರು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು. ಡಾ. ಭಾಲಚಂದ್ರ ಕೋಡ್ಕಣಿ, ಡಾ. ಶಿವಪ್ರಸಾದ ಗೌಡರ, ಡಾ. ಮೃತ್ಯುಂಜಯ ಬೆಲ್ಲದ, ಡಾ. ವಿಜಯಾ ನಾಯಕ ಮೊದಲಾದವರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತು ಸಂಗಡಿಗರ ಜೊತೆ ಸೇರಿ ಕೆಲಸಕ್ಕಿಳಿದರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ವೈದ್ಯರಲ್ಲ. 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು, ಎಂದರೆ ನಾವು ನರ್ಸಮ್ಮ ಎಂದು ಕರೆಯುವವರು. ಭಾಗವಹಿಸಿದ ತಾಯಂದಿರು 1620. ಅವರಲ್ಲಿ 812 ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಹಾಗೆಯೇ ಇರುವ, ಒಳಗೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ರೀತಿಯಲ್ಲಿ ಮೊದಲೇ ಗೊತ್ತುಮಾಡಿ ಸಂಖ್ಯೆಯ ಹಿಂದೆ ಮುಚ್ಚಿಟ್ಟಿದ್ದರು. ನುಂಗಿದವಳಿಗೂ ಗೊತ್ತಿಲ್ಲ, ಕೊಟ್ಟವಳಿಗೂ ಗೊತ್ತಿಲ್ಲ.

ಈ ಮುಚ್ಚುಮರೆ ಯಾಕೆ? ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು: ‘ಸುಳ್ಳು ಮಾತ್ರೆ ಕೊಡೋದು ಮೋಸ ಅಲ್ವಾ ಸಾರ್?’ ಅವಳಿಗೆ ಟೊಮೆಟೊ ತೋಟ ತೋರಿಸಿದೆ. ನಮ್ಮ ರೈತರು ಹೊಸ ಔಷಧಿ ಹೊಡೆದು, ಈ ಸಲ ಫಸಲು ಚೆನ್ನಾಗಿ ಬಂತು, ಔಷಧಿ ಭೇಷಾಗಿದೆ ಎನ್ನುತ್ತಾರೆ. ಒಂದೆರಡು ಸಾಲು ಹೊಡೆಯದೆ ಬಿಟ್ಟಿದ್ದಿರಾ ಎಂದು ಕೇಳಿದರೆ ನಗುತ್ತಾರೆ. ಬಿಡದಿದ್ದರೆ, ಫಸಲು ಬಂದದ್ದು ಔಷಧಿಯಿಂದಲೋ ಒಳ್ಳೆಯ ಮಳೆಯಿಂದಲೋ ಹೇಳುವವರು ಯಾರು? ಬಿಡುವ ಸಾಲನ್ನೂ ನಾವೇ ಆರಿಸಕೂಡದು. ಆರಿಸಿದರೆ ಬದುವಿನ ಪಕ್ಕದ ಬಡಕಲು ಸಾಲನ್ನೇ ಬಿಡುತ್ತೇವೆ. ಹಾಗೆಯೇ ನರ್ಸಮ್ಮನಿಗೆ ಯಾವುದು ನಿಜ ಮಾತ್ರೆಯೆಂದು ಗೊತ್ತಿದ್ದರೆ, ಕರುಣೆಯಿಂದಲೇ ಅವಳು ಅದನ್ನು ಹೆಚ್ಚು ಸೊರಗಿದವಳಿಗೆ ಕೊಟ್ಟುಬಿಡುತ್ತಾಳೆ. ಆಮೇಲೆ ಲೆಕ್ಕ ಹಾಕಿದರೆ ಮಾತ್ರೆ ನುಂಗಿದವರಿಗೇ ಹೆಚ್ಚು ರಕ್ತ ಹೋಗಿದೆಯೆಂದು ಕಂಡರೂ ಆಶ್ಚರ್ಯವಿಲ್ಲ.

ಆದರೆ ಇಷ್ಟೆಲ್ಲ ಕಟ್ಟುನಿಟ್ಟು ಮಾಡಿ ಕೊನೆಗೆ ರಕ್ತವನ್ನು ಕಣ್ಣಳತೆಯಲ್ಲಿ ಬರೆದಿದ್ದರೆ ಎಲ್ಲವೂ ವ್ಯರ್ಥವಾಗುತ್ತಿತ್ತು. ಇಲ್ಲಿ ಬೆಳಗಾವಿಯವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಅವರು ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ಮಗು ಹುಟ್ಟಿದ ತಕ್ಷಣ ಅದನ್ನು ತಾಯಿಯ ಸೊಂಟದ ಕೆಳಗೆ ಸರಿಸಿ, ದಾರದಿಂದ ಸೊಂಟಕ್ಕೆ ಕಟ್ಟುವುದು. ಹಾಳೆಯ ತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ. ಚೀಲದ ಮೇಲೆ ಗೆರೆಗಳು, ಗೆರೆಗಳ ಪಕ್ಕದಲ್ಲಿ ಮಿಲಿಲೀಟರಿನ ಅಂಕಿಗಳು. ನಮ್ಮ ಪ್ರಯೋಗಶಾಲೆಯ ಅಳತೆಯ ಜಾಡಿಯನ್ನೇ ಚಪ್ಪಟೆ ಮಾಡಿ ಹೆರಿಗೆ ಕೋಣೆಗೆ ಕಳಿಸಿದ ಹಾಗೆ. ರೂಪಿಸಿದವರ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬ್ರಾಸ್–ವಿ’ ಎಂದು ಹೆಸರಿಟ್ಟರು. ಯಂತ್ರವಲ್ಲ, ಬ್ಯಾಟರಿಯಿಲ್ಲ, ಕೆಡುವಂಥದ್ದೇನೂ ಇಲ್ಲ. 123 ಹೆರಿಗೆಗಳಲ್ಲಿ ಈ ಚೀಲದ ಅಳತೆಯನ್ನೂ ಕಣ್ಣಳತೆಯನ್ನೂ ಹೋಲಿಸಿ ನೋಡಿದರು. ಕಣ್ಣಳತೆ ಚೀಲಕ್ಕಿಂತ ನೂರಕ್ಕೆ 33ರಷ್ಟು ಕಡಿಮೆ ಹೇಳುತ್ತಿತ್ತು. ಎಂದರೆ ಮುಕ್ಕಾಲು ಲೀಟರ್ ಹೋಗಿದ್ದರೆ, ನೋಡುವವರ ಕಣ್ಣಿಗೆ ಅದು ಅರ್ಧ ಲೀಟರ್. ‘ಅಷ್ಟೇನೂ ಹೋಗಿಲ್ಲ ಬಿಡಿ’ ಎಂದು ಎಷ್ಟು ಮನೆಗಳಲ್ಲಿ ಹೇಳಿದ್ದಾರೋ!

1620 ತಾಯಂದಿರ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಔಷಧವಿಲ್ಲದ ಮಾತ್ರೆಯವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರ್ ಇಲ್ಲವೇ ಅದಕ್ಕೂ ಮೀರಿ ರಕ್ತಸ್ರಾವವಾಗಿತ್ತು; ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4 ಮಂದಿಗೆ. ತೀವ್ರ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಇಲ್ಲಿ ಒಂದು ಸಣ್ಣ ಲೆಕ್ಕ. 12ರಲ್ಲಿ 6.4 ಕಳೆದರೆ 5.6. ನೂರು ಜನ ಮಾತ್ರೆ ನುಂಗಿದರೆ 5.6 ಮಂದಿ ಪಾರು, ನೂರನ್ನು 5.6ರಿಂದ ಭಾಗಿಸಿದರೆ ಸುಮಾರು 18. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ಔಷಧವೆಂದರೆ ಎಲ್ಲರಿಗೂ ಎಲ್ಲವನ್ನೂ ಗುಣಮಾಡುವ ಸಂಜೀವಿನಿ ಎಂದು ತಿಳಿದವರಿಗೆ ಈ ಹದಿನೆಂಟು ನಿರಾಸೆ ತರಬಹುದು. ನನಗೆ ಅದೇ ನಂಬಿಕೆ ಹುಟ್ಟಿಸುವ ಅಂಕಿ. ಮಾತ್ರೆಯವರಲ್ಲಿ ನಡುಕ ಮತ್ತು ಜ್ವರ ಹೆಚ್ಚು ಕಾಣಿಸಿಕೊಂಡಿತ್ತು ಎಂಬುದನ್ನೂ ಅವರು ಮುಚ್ಚಿಡದೆ ಬರೆದರು.

ಈಗ ಆ ಹುಡುಗಿಯ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರೋಣ. 808 ಮಂದಿಯಲ್ಲಿ ನೂರಕ್ಕೆ 12 ಎಂದರೆ ಸುಮಾರು 97 ತಾಯಂದಿರು. ನಿಜ ಮಾತ್ರೆ ಸಿಕ್ಕಿದ್ದರೆ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅಷ್ಟು ರಕ್ತ ಹೋಗುತ್ತಿರಲಿಲ್ಲ. ಇದನ್ನು ಓದಿ ಮನಸ್ಸು ಕಲಕದಿದ್ದರೆ ಲೆಕ್ಕ ಅರ್ಥವಾಗಿಲ್ಲವೆಂದೇ ಹೇಳಬೇಕು. ಸಂಶೋಧಕರ ಕಡೆಯ ಮಾತು ಇಷ್ಟು: ಆಗ ಆ ಹಳ್ಳಿಗಳಲ್ಲಿ ನರ್ಸಮ್ಮ ಮಾಡಿಸುವ ಹೆರಿಗೆಗೆ ಇಂಥ ಯಾವ ಔಷಧವನ್ನೂ ಕೊಡುವ ಪದ್ಧತಿಯಿರಲಿಲ್ಲ, ಆದ್ದರಿಂದ ಯಾರ ಬಾಯಿಂದಲೂ ಏನನ್ನೂ ಕಿತ್ತುಕೊಂಡಂತಾಗಲಿಲ್ಲ. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಕೂಡ ಅಂದು ನಿಜವಾಗಿಯೂ ಗೊತ್ತಿರಲಿಲ್ಲ. ಎದುರು ವಾದವೂ ಹಗುರವಾದದ್ದಲ್ಲ. ಪದ್ಧತಿಯಿರಲಿಲ್ಲ ಎಂಬುದು ಸರ್ಕಾರದ ಬಡತನವೇ ಹೊರತು ವಿಜ್ಞಾನದ ಅಜ್ಞಾನವಲ್ಲ. ಇನ್ನೊಂದು ಗುಂಪಿಗೆ ಹೇಗಾದರೂ ಆಕ್ಸಿಟೋಸಿನ್ ಒದಗಿಸಿ ಹೋಲಿಸಬಹುದಿತ್ತಲ್ಲ ಎಂಬುದು ಆ ವಾದ. ನನಗೆ ಮೊದಲನೆಯದು ಹೆಚ್ಚು ಸರಿಯೆನಿಸುತ್ತದೆ. ಕೇಳಬೇಕಾಗಿದ್ದ ಪ್ರಶ್ನೆಯೇ ಆಕ್ಸಿಟೋಸಿನ್ ಇಲ್ಲದ ಊರಿನದಾಗಿತ್ತು. ಆದರೆ ‘ಇಲ್ಲಿ ಏನೂ ಇಲ್ಲವಲ್ಲ’ ಎಂಬ ಮಾತನ್ನು ನೆಪ ಮಾಡಿಕೊಂಡು ಎಲ್ಲೆಂದರಲ್ಲಿ ಸುಳ್ಳು ಮಾತ್ರೆ ಹಂಚುವುದನ್ನು ಒಪ್ಪಲಾಗದು. ಒಂದು ಔಷಧ ಉಪಕಾರಿಯೆಂದು ಗೊತ್ತಾದ ಮೇಲೆ ದಾರಿ ಬೇರೆ.

ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಡೆಸಿ 2024ರಲ್ಲಿ ಪ್ರಕಟವಾದ ಸುಣ್ಣದ ಮಾತ್ರೆಯ ಅಧ್ಯಯನ ಆ ಬೇರೆ ದಾರಿಯದು. ಬಸುರಿಯರಲ್ಲಿ ರಕ್ತದೊತ್ತಡ ಏರಿ ಅಪಾಯ ತರುವ ಕಾಯಿಲೆಯನ್ನು ಕ್ಯಾಲ್ಸಿಯಂ ತಗ್ಗಿಸುತ್ತದೆಂದು ಮೊದಲೇ ಗೊತ್ತಿತ್ತು. ಹೀಗಾಗಿ ಯಾರಿಗೂ ಸುಳ್ಳು ಮಾತ್ರೆಯೊಂದನ್ನೇ ಕೊಡಲಿಲ್ಲ. 11 ಸಾವಿರ ಬಸುರಿಯರಲ್ಲಿ ಅರ್ಧ ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ, ಇನ್ನರ್ಧ ಮಂದಿಗೆ 500. ಕಾಯಿಲೆ ಕಾಣಿಸಿಕೊಂಡದ್ದು ಒಂದು ಕಡೆ ನೂರಕ್ಕೆ 3.6, ಕಡಿಮೆ ಪ್ರಮಾಣದವರಲ್ಲಿ 3.0. ಮೂರು ಮಾತ್ರೆ ನುಂಗುವ ಬದಲು ಒಂದು ಸಾಕಾಗಬಹುದು ಎಂದಾಯಿತು. ವಾಂತಿಯ ನಡುವೆ ಮಾತ್ರೆ ನುಂಗಿದ ಹೆಂಗಸರನ್ನು ಕೇಳಿ, ಇದು ಸಣ್ಣ ಸಂಗತಿಯೋ ಅಲ್ಲವೋ ಎಂದು.

ಬೆಳಗಾವಿಯ ಉತ್ತರ ಎಲ್ಲಿಗೆ ಹೋಯಿತು? ರಕ್ತಸ್ರಾವ ತಡೆಯುವ ಔಷಧವಾಗಿ ಮಿಸೊಪ್ರೊಸ್ಟಾಲ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗೆ ಬರಲಾಗದ ಕಡೆ ಅದನ್ನು ಸಮುದಾಯದ ಮಟ್ಟದಲ್ಲಿ ಹಂಚುವ ಮಾರ್ಗಸೂಚಿಯನ್ನು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಹೊರಡಿಸಿತು. ಈ ನಡುವೆ ನಮ್ಮ ರಾಜ್ಯದಲ್ಲಿ ಹೆರಿಗೆಯೇ ಮನೆಬಿಟ್ಟು ಹೊರಟಿತು. 2019–21ರ ಹೊತ್ತಿಗೆ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಬಂತು. ಇದು ಒಂದು ಮಾತ್ರೆಯ ಕೀರ್ತಿಯಲ್ಲ. 108 ವಾಹನ, ಆಶಾ ಕಾರ್ಯಕರ್ತೆ, ರಕ್ತನಿಧಿ, ರಸ್ತೆ ಎಲ್ಲದಕ್ಕೂ ಪಾಲಿದೆ. ಮಾತ್ರೆಗಿಂತ ದೂರ ಹೋದದ್ದು ಆ ಚೀಲದ ಯೋಚನೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಅಧ್ಯಯನವೊಂದು 2023ರಲ್ಲಿ ಹೊರಬಂತು. ಅಳತೆಯ ಚೀಲ ಕಟ್ಟಿ, ರಕ್ತ ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದ ಆಸ್ಪತ್ರೆಗಳಲ್ಲಿ ನೂರಕ್ಕೆ 93 ರಕ್ತಸ್ರಾವಗಳು ಕಣ್ಣಿಗೆ ಬಿದ್ದವು. ಹಳೆಯ ರೀತಿಯಲ್ಲಿ ನಡೆದ ಕಡೆ 51. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಈ ಮೂರೂ ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು. ಹೊಸ ಔಷಧವೇನೂ ಅಲ್ಲಿರಲಿಲ್ಲ. ಇದ್ದ ಔಷಧಗಳನ್ನೇ ತಡಮಾಡದೆ ಕೊಟ್ಟದ್ದು, ತಡವಾಗಿದೆಯೆಂದು ಚೀಲದ ಗೆರೆ ಹೇಳಿದ್ದು.

ಹಾಗಾದರೆ ಪ್ರಯೋಗವೆಂದರೆ ಗೊತ್ತಿದ್ದ ಒಳ್ಳೆಯದನ್ನು ಅಂಕಿಗಳಲ್ಲಿ ಸಾಬೀತು ಮಾಡುವುದಷ್ಟೇ ಎಂದು ತಿಳಿಯಬಾರದು. ಅದೇ ಬೆಳಗಾವಿಯವರೂ ನಾಗಪುರದವರೂ ಪಾಲ್ಗೊಂಡ ಇನ್ನೊಂದು ಅಧ್ಯಯನ ತಿರುವುಮುರುವಾದ ಉತ್ತರ ಕೊಟ್ಟಿತು. ದಿನ ತುಂಬುವ ಮೊದಲೇ ಹೆರಿಗೆಯಾಗುವಂತಿದ್ದರೆ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಇದನ್ನು ತೋರಿಸಿದ್ದರು, ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಅದು ಸಾವಿರಾರು ಮಕ್ಕಳನ್ನು ಉಳಿಸಿದೆ. ಹಾಗಿದ್ದಮೇಲೆ ಹಳ್ಳಿಹಳ್ಳಿಗೂ ಒಯ್ದರೆ ಒಳ್ಳೆಯದೇ ಅಲ್ಲವೆ? ಆರು ದೇಶಗಳಲ್ಲಿ, ಸುಮಾರು ಒಂದು ಲಕ್ಷ ಜನನಗಳಲ್ಲಿ ನೋಡಿದರು. 2015ರಲ್ಲಿ ಬಂದ ಉತ್ತರ: ತೀರ ಸಣ್ಣ ಮಕ್ಕಳಿಗೆ ಉಪಯೋಗ ಕಾಣಲಿಲ್ಲ, ಒಟ್ಟಾರೆ ಹುಟ್ಟಿದ 28 ದಿನಗಳೊಳಗಿನ ಸಾವು ಸಾವಿರಕ್ಕೆ 23.9 ಇರಬೇಕಾದಲ್ಲಿ 27.4 ಆಗಿತ್ತು. ತಾಯಂದಿರಲ್ಲಿ ಸೋಂಕಿನ ಲಕ್ಷಣಗಳೂ ಹೆಚ್ಚಿದ್ದವು.

ಒಳ್ಳೆಯ ಔಷಧ, ಒಳ್ಳೆಯ ಉದ್ದೇಶ, ಕೆಟ್ಟ ಫಲ. ಚುಚ್ಚುಮದ್ದು ಪಡೆದವರಲ್ಲಿ ಬಹಳ ಮಂದಿ ನಿಜವಾಗಿ ದಿನ ತುಂಬದ ಬಸುರಿಯರೇ ಆಗಿರಲಿಲ್ಲ ಎಂಬುದು ಒಂದು ಕಾರಣವಿರಬಹುದು. ‘ಯುಗಾದಿ ಕಳೆದ ಮೇಲೆ ಮುಟ್ಟು ನಿಂತಿತು’ ಎನ್ನುವ ಲೆಕ್ಕದಲ್ಲಿ ಮೂರು ವಾರ ಆಚೀಚೆಯಾಗುವುದು ಏನು ಮಹಾ! ಬಳಿಕ ಅದೇ ಚುಚ್ಚುಮದ್ದನ್ನು ಸಜ್ಜಾದ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್‌ನಿಂದ ದಿನ ಗೊತ್ತುಮಾಡಿಕೊಂಡು, ಭಾರತವೂ ಸೇರಿ ಐದು ದೇಶಗಳಲ್ಲಿ ಪರೀಕ್ಷಿಸಿದರು. ದಿನ ತುಂಬದ ಶಿಶುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು, ಲಾಭ ಖಚಿತವಾದ್ದರಿಂದ 2020ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಅಧ್ಯಯನ ಮಾಡದೆಯೇ ಊರೂರಿಗೆ ಸೂಜಿ ಹಂಚಿದ್ದರೆ ಹೆಚ್ಚಾಗಿ ಸತ್ತ ಆ ಕೂಸುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಹಣೆಬರಹ ಎನ್ನುತ್ತಿದ್ದರು. ಅದೂ ಒಂದು ಪ್ರಯೋಗವೇ ಆಗುತ್ತಿತ್ತು, ಲೆಕ್ಕದ ಪುಸ್ತಕವಿಲ್ಲದ ಪ್ರಯೋಗ.

ಇನ್ನು ಟೀ ಅಂಗಡಿಯವರ ಸಂಶಯಕ್ಕೆ ಕಾರಣವಾದ ಪ್ರಸಂಗ. ಅದು ನಡೆದದ್ದು ನೆರೆಯ ಆಂಧ್ರದಲ್ಲಿ, ಇಂದು ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆಯಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 2009ರಲ್ಲಿ ಅಲ್ಲಿನ ಸಾವಿರಾರು ಹುಡುಗಿಯರಿಗೆ ಹಾಕಿದರು; ಹತ್ತರಿಂದ ಹದಿನಾಲ್ಕು ವರ್ಷದವರು, ಅನೇಕರು ಆದಿವಾಸಿ ಮಕ್ಕಳು, ಹಾಸ್ಟೆಲ್ಲುಗಳಲ್ಲಿದ್ದವರು. ಗುಜರಾತಿನ ವಡೋದರದಲ್ಲೂ ನಡೆಯಿತು. ಎರಡೂ ಕಡೆ ಸೇರಿ ಏಳು ಹುಡುಗಿಯರು ಸತ್ತರು. ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಂಭವ ತೀರ ಕಡಿಮೆಯೆಂದು ತನಿಖೆ ಹೇಳಿತು. ಲಸಿಕೆಯೂ ಒಳ್ಳೆಯದೇ, ಇಂದು ಅನೇಕ ದೇಶಗಳು ಅದನ್ನು ಹಾಕಿಸುತ್ತವೆ. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ ಕಂಡದ್ದೇ ಬೇರೆ. ಆಂಧ್ರದ 9,543 ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು. 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಯೋಜನೆಯನ್ನು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ವರದಿ ಬರೆಯಿತು.

ಇದನ್ನು ಓದಿದಾಗ ಶಾಲೆಯಲ್ಲಿ ಕೆಲಸ ಮಾಡುವ ಯಾರಿಗೂ ಮೈ ಬಿಸಿಯಾಗಬೇಕು. ಮೇಲಿನಿಂದ ಕಾಗದ ಬರುತ್ತದೆ, ‘ನಾಳೆಯೊಳಗೆ ಕಳಿಸಿ’ ಎಂದಿರುತ್ತದೆ, ತಂದೆತಾಯಿ ಕೂಲಿಗೆ ಹೋಗಿರುತ್ತಾರೆ, ಸಹಿ ತಾನೇ ಎಂದು ಪೆನ್ನು ತೆಗೆಯುತ್ತೇವೆ. ಪ್ರವಾಸದ ಪತ್ರಕ್ಕೆ ಹಾಗೆ ಮಾಡಿದರೆ ಹೋಗಲಿ ಎನ್ನಬಹುದು. ಮಗುವಿನ ತೋಳಿಗೆ ಸೂಜಿ ಇಳಿಯುವ ವಿಷಯದಲ್ಲಿ ಮೇಷ್ಟ್ರ ಸಹಿಗೆ ಬೆಲೆಯಿಲ್ಲ, ಇರಲೂಬಾರದು. ಬೆಳಗಾವಿಯ ಚೀಲಕ್ಕೂ ಖಮ್ಮಂನ ಹೆಬ್ಬೆಟ್ಟಿಗೂ ಇರುವ ಅಂತರ ಔಷಧದ್ದಲ್ಲ. ಕನ್ನಡ ಮೇಷ್ಟ್ರ ಮಾತಿನಲ್ಲೇ ಹೇಳುವುದಾದರೆ, ಒಂದರಲ್ಲಿ ತಾಯಿ ಕರ್ತೃ, ಇನ್ನೊಂದರಲ್ಲಿ ಹುಡುಗಿ ಬರೀ ಕರ್ಮ.

ನಮ್ಮ ಜಿಲ್ಲೆಯ ತಾಯಂದಿರಿಗೆ ಈ ಕಾಗದಗಳು ಬರಲಾರವೆಂದು ತಿಳಿಯಬೇಡಿ. ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ, ಮಾಲೂರಿನಿಂದ ಬೆಂಗಳೂರು ಗಂಟೆಯ ದಾರಿ, ಮುಳಬಾಗಿಲು ಶ್ರೀನಿವಾಸಪುರದವರೂ ದೊಡ್ಡ ಆಸ್ಪತ್ರೆಗಳಿಗೆ ಹೋಗುತ್ತಾರೆ. ಎಲ್ಲಿ ವೈದ್ಯವಿದ್ಯೆ ಕಲಿಸುತ್ತಾರೋ ಅಲ್ಲಿ ಸಂಶೋಧನೆಯೂ ನಡೆಯುತ್ತದೆ. ಕಾನೂನು ಈಗ ಮೊದಲಿಗಿಂತ ಬಿಗಿಯಾಗಿದೆ. 2009ರ ಜೂನ್‌ನಿಂದ ಔಷಧ ಪ್ರಯೋಗಗಳನ್ನು ಸರ್ಕಾರದ ನೋಂದಣಿ ಪುಸ್ತಕದಲ್ಲಿ ಮೊದಲೇ ದಾಖಲಿಸಬೇಕು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎಂದು 2019ರ ನಿಯಮಗಳು ಹೇಳುತ್ತವೆ. ಆದರೆ ನಿಯಮವನ್ನು ಕೇಳುವವರು ಬೇಕು. ಆಸ್ಪತ್ರೆಯಲ್ಲಿ ಯಾರಾದರೂ ಕಾಗದ ಹಿಡಿದು ಬಂದರೆ ಮೊದಲು ಕೇಳಬೇಕಾದ್ದು: ನಾನು ಒಪ್ಪದಿದ್ದರೆ ನನಗೆ ಸಿಗುವ ಚಿಕಿತ್ಸೆಯಲ್ಲಿ ಏನಾದರೂ ಕಡಿಮೆಯಾಗುತ್ತದೆಯೆ? ‘ಇಲ್ಲ’ ಎಂಬುದೊಂದೇ ಸರಿಯಾದ ಉತ್ತರ. ಔಷಧವಿಲ್ಲದ ಮಾತ್ರೆಯೂ ಇದರಲ್ಲಿದೆಯೆ, ಇದ್ದರೆ ಯಾಕೆ? ಒಪ್ಪಿದ ಮೇಲೆ ನಡುವೆ ಬಿಡಬಹುದೆ? ಬಿಡಬಹುದು, ಕಾರಣ ಕೊಡಬೇಕಾಗಿಲ್ಲ. ಓದಲು ಬಾರದವರಿಗೆ ಓದಿ ಹೇಳುವಾಗ ಆಸ್ಪತ್ರೆಗೆ ಸೇರದ ಒಬ್ಬ ಸಾಕ್ಷಿ ಎದುರಿಗಿರಬೇಕು. ನಮ್ಮ ಗಡಿಯ ಊರುಗಳಲ್ಲಿ ಕನ್ನಡ ಕಾಗದವನ್ನು ತೆಲುಗಿನಲ್ಲಿ ವಿವರಿಸಬೇಕಾದ ಮನೆಗಳೂ ಇವೆ. ವಿವರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಗಂಡ ಅಥವಾ ಅತ್ತೆ ‘ಹಾಕು ಸಹಿ’ ಎಂದರೆ ಅದು ಒಪ್ಪಿಗೆಯಲ್ಲ.

ಸಹಿಯಾದ ಮೇಲೆ ಆ ಪತ್ರದ ಒಂದು ಪ್ರತಿ ತಾಯಿಗೆ ಸೇರಬೇಕು. ಅದರಲ್ಲಿ ಸಂಶೋಧಕರದ್ದೂ, ಆಸ್ಪತ್ರೆಯ ನೈತಿಕ ಸಮಿತಿಯದ್ದೂ ಫೋನ್ ನಂಬರ್ ಇರುತ್ತದೆ. ಮನೆಗೆ ತಂದು ಅಡುಗೆಮನೆಯ ಡಬ್ಬದ ಕೆಳಗೆ ಹಾಸಬೇಡಿ. ತಾಯಿ ಕಾರ್ಡಿನ ಜೊತೆ ಒಂದೇ ಕವರಿನಲ್ಲಿಟ್ಟು, ಹೆರಿಗೆಗೆ ಹೊರಡುವಾಗ ಚೀಲದಲ್ಲಿ ಹಾಕಿಕೊಳ್ಳಿ. ರಾತ್ರಿ ಪಾಳಿಯ ಡಾಕ್ಟರಿಗೆ ನೀವು ಯಾವ ಅಧ್ಯಯನದಲ್ಲಿದ್ದೀರಿ ಎಂಬುದು ಗೊತ್ತಿರುವುದಿಲ್ಲ.